ಹೆಬ್ಬೆರಳಿನ ಗುಳಿ

ನಮ್ಮ ಮನೆಯಲ್ಲಿ ಎರಡು ಜಾತಿಯ ತಲವಾರುಗಳಿದ್ದವು. ಒಂದು, ಮುಟ್ಟಲೇಬಾರದ್ದು. ಇನ್ನೊಂದು, ಬೀಸಿ, ಬಡಿದು, ಬೆನ್ನ ಮೇಲೆ ಪೆಟ್ಟು ತಿಂದು ನೋಡಲೇಬೇಕಾದದ್ದು. ಮುಟ್ಟಬಾರದ್ದು ಒಂದೇ ಒಂದು. ಅದು ನಡುಮನೆಯಲ್ಲಿ ದೇವರ ಗೂಡಿನ ಮೇಲೆ, ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ, ಕೆಂಪು ಬಟ್ಟೆ ಸುತ್ತಿಕೊಂಡು ಅಡ್ಡಲಾಗಿ ಮಲಗಿತ್ತು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಯಾವುದೋ ಅರಸನ ಕಡೆ ಕಾದಿದವರಂತೆ. ಯಾವ ಅರಸ, ಗೆದ್ದರೋ ಸೋತರೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾನು ಕಂಡ ಹಾಗೆ ನಮ್ಮವರು ಗದ್ದೆ ಮಾಡಿದವರು, ಇಲ್ಲವೆ ತಿಂಗಳ ಸಂಬಳಕ್ಕೆ ದುಡಿದವರು. ಕಾದಾಟವೆಲ್ಲ ಬಾಯಲ್ಲೇ. ಆದರೂ ಶೆಟಗೇರಿಯಲ್ಲಿ ನಮ್ಮದು ‘ತಲವಾರಿನ ಮನೆ’. ಅಂಚೆಯವನೂ ಹಾಗೇ ಹೇಳಿ ಕೂಗುತ್ತಿದ್ದ, ನಮಗೂ ಅದು ಹಿತವಾಗಿಯೇ ಇತ್ತು.

ಎರಡನೆಯ ಜಾತಿಯವನ್ನು ಮಾಡುತ್ತಿದ್ದವನು ನನ್ನ ಅಪ್ಪ. ಹಗಲು ಅವನು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತಿ ಹೋಗಿ, ಸಂಜೆ ಬಂದು, ಚಾ ಕುಡಿದು, ಅಂಗಿ ಕಳಚಿ ಜಗಲಿಯ ಮೂಲೆಯಲ್ಲಿ ಕುಳಿತನೆಂದರೆ ಬೇರೆಯೇ ಮನುಷ್ಯ. ಸುತ್ತಲಿನ ಊರುಗಳ ನಾಟಕ ಮಂಡಳಿಗಳು, ಬೊಬ್ರುವಾಡದ ಕಡೆ ಸುಗ್ಗಿಗೆ ವೇಷ ಕಟ್ಟುವವರು, ಶಾಲೆಯ ವಾರ್ಷಿಕೋತ್ಸವದ, ಅಂದರೆ ಗ್ಯಾದರಿಂಗಿನ, ಮಾಸ್ತರರು, ಯಾರಿಗೆ ಆಯುಧ ಬೇಕಾದರೂ ನಮ್ಮ ಜಗಲಿಗೇ ಬರಬೇಕು. ತಲವಾರು, ಗುರಾಣಿ, ಭರ್ಚಿ, ಗದೆ, ಕಠಾರಿ. ಹಾಲವಾಣದ ಮರವೆಂದರೆ ಅವನಿಗೆ ಇಷ್ಟ. ಒಣಗಿದ ಮೇಲೆ ಹಪ್ಪಳದ ಹಾಗೆ ಹಗುರ. ಅದರಲ್ಲಿ ಅಲಗು ಕೆತ್ತಿ, ಅಂಚಿಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಸೀಳಿ ಅಂಟಿಸಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದ. ಚಪ್ಪಟೆ ಬದಿಗೆ ಒಂದು ತಗಡಿನ ಪಟ್ಟಿ, ತಲವಾರಿಗೆ ತಲವಾರು ತಾಗಿದಾಗ ಠಣ್ ಎನ್ನಲಿಕ್ಕೆ.

“ಸದ್ದು ಬರ್ಬೇಕು, ಪೆಟ್ಟು ಬರೂಕಾಗ,” ಎನ್ನುವುದು ಅವನ ಶಾಸ್ತ್ರ. ಕೇಳಿಸಬೇಕು, ನೋಯಿಸಬಾರದು.

ಅವನ ತಲವಾರುಗಳಿಗೆ ಒಂದು ಗುರುತಿತ್ತು. ಹಿಡಿ ಮುಗಿದು ಅಲಗು ಶುರುವಾಗುವಲ್ಲಿ, ಒಂದು ಬದಿಗೆ ಮಾತ್ರ, ಹೆಬ್ಬೆರಳು ಕೂರುವಷ್ಟು ಸಣ್ಣ ಗುಳಿ ಕೆತ್ತುತ್ತಿದ್ದ. ಹಗುರ ಮರದ ತಲವಾರು ಬೀಸುವಾಗ ಕೈಯಲ್ಲಿ ತಿರುಗಿಬಿಡುತ್ತದೆ. ಬೆರಳು ಆ ಗುಳಿಯಲ್ಲಿ ಕೂತರೆ ತಿರುಗುವುದಿಲ್ಲ. ಬೇರೆ ಊರಿನವರು ಮಾಡಿದ ತಲವಾರಿನಲ್ಲಿ ಅದು ಇರುತ್ತಿರಲಿಲ್ಲ. ಕತ್ತಲೆಯಲ್ಲಿ ಕೈಗೆ ಕೊಟ್ಟರೂ ಇದು ಅಪ್ಪನದು ಎಂದು ನಾನು ಹೇಳಬಲ್ಲವಳಾಗಿದ್ದೆ. ಮಾಡಿ ಮುಗಿದ ಪ್ರತಿ ಆಯುಧದ ಪರೀಕ್ಷೆಯೂ ನನ್ನ ಮೇಲೆಯೇ. ಮೊದಲು ತನ್ನ ಮುಂಗೈಗೆ ಹೊಡೆದುಕೊಳ್ಳುವನು. ಆಮೇಲೆ ನಾನು ಬೆನ್ನು ತಿರುಗಿಸಿ ನಿಲ್ಲಬೇಕು. ಒಂದು ಪೆಟ್ಟು ಬೀಳುತ್ತಿತ್ತು. “ನೋವಾಯ್ತಾ?” ಎಂದು ಕೇಳುತ್ತಿದ್ದ. ಇಲ್ಲವೆಂದರೆ ತಲವಾರು ಪಾಸು. ಆ ಪೆಟ್ಟಿಗಾಗಿ ನಾನು ಶಾಲೆಯಿಂದ ಓಡಿ ಬರುತ್ತಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆ ದಿನಗಳಲ್ಲಿ ಅವನು ಬೀಸುವಾಗ ನಾನು ಒಮ್ಮೆಯೂ ಕಣ್ಣು ಮುಚ್ಚಿದವಳಲ್ಲ.

ಒಂದು ವರ್ಷ ಕಾರವಾರದ ಕಾಲೇಜು ಹುಡುಗರು ಐದಾರು ಜನ ಬಂದರು. ಅವರದು ನಾಟಕವಲ್ಲ. ಭಾನುವಾರ ಸಮುದ್ರದಂಡೆಯಲ್ಲಿ ಎರಡು ಪಂಗಡವಾಗಿ, ಒಬ್ಬ ದಳವಾಯಿ, ಒಬ್ಬ ಕೋಟೆಯ ಕಾವಲುಗಾರ ಎಂದು ಹೆಸರಿಟ್ಟುಕೊಂಡು ಯುದ್ಧದ ಆಟ ಆಡುತ್ತಿದ್ದರು. ಯಾವುದೋ ಸೀಡಿಯಲ್ಲಿ ನೋಡಿದ್ದಂತೆ. ಅಪ್ಪ ಅವರಿಗೆ ಬೆತ್ತದ ಸುತ್ತ ಹಾಸಿಗೆಯ ಸ್ಪಂಜು ಸುತ್ತಿ, ಹಿಡಿಯ ತುದಿಗೆ ಮೀನುಬಲೆಯ ತೇಲುಗುಂಡು ಸಿಕ್ಕಿಸಿ, ಒಂದು ಕಟ್ಟು ತಲವಾರು ಮಾಡಿಕೊಟ್ಟ. ಅವು ಹೇಗೆ ಬಾಳುತ್ತವೆಂದು ನೋಡಲು ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದ. ಆ ಆಟದಲ್ಲಿ ತೀರ್ಪು ಹೇಳುವವರು ಯಾರೂ ಇರಲಿಲ್ಲ. ಪೆಟ್ಟು ತಾಗಿದವನು ತಾನಾಗಿಯೇ ಮರಳ ಮೇಲೆ ಕೂತುಬಿಡಬೇಕು, ಅಷ್ಟೇ. ಅಪ್ಪನಿಗೆ ಅದು ಬಹಳ ಹಿಡಿಸಿತು. ಬಸ್ಸಿನಲ್ಲಿ ಬರುವಾಗ ಹೇಳಿದ:

“ಹೊಡೂಕೆ ಎಲ್ರಿಗೂ ಬತ್ತದೆ ತಂಗಿ. ತಾಗಿದ್ದು ತಾಗಿದವ್ನಿಗೆ ಮಾತ್ರ ಗೊತ್ತು. ಅಂವ ಒಪ್ಪಿ ಕೂತ್ಕಳ್ಬೇಕು. ಅದೇ ಕಷ್ಟದ್ದು.”

ಅಡುಗೆಮನೆ ಅಜ್ಜಿಯ ರಾಜ್ಯ. ಅಮ್ಮ ಅಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ್ದರೂ ಹೊರಗಿನವಳೇ. ಅಜ್ಜಿಯ ಸಿಂಹಾಸನವೆಂದರೆ ಮೆಟ್ಟುಗತ್ತಿ. ದಪ್ಪ ಹಲಸಿನ ಮಣೆ, ಅದರಿಂದ ಮೇಲಕ್ಕೆದ್ದ ಅಗಲವಾದ ಅಲಗು. ಒಂದು ಕಾಲಿನಿಂದ ಮಣೆಯನ್ನು ಮೆಟ್ಟಿ ಕುಳಿತಳೆಂದರೆ ಬಂಗಡೆಯಾಗಲಿ, ತಾರ್ಲೆ ಮೀನಾಗಲಿ, ಹಬ್ಬದ ದಿನದ ಕುಂಬಳಕಾಯಿಯಾಗಲಿ, ಎರಡು ಸಲ ತಳ್ಳಬೇಕಾಗಿರಲಿಲ್ಲ. ಬೇರೆ ಮನೆಗಳ ಮೆಟ್ಟುಗತ್ತಿಗಳನ್ನು ವರ್ಷಕ್ಕೊಮ್ಮೆ ಆಚಾರಿಯ ಕುಲುಮೆಗೆ ಕೊಟ್ಟು ಹರಿತ ಮಾಡಿಸುತ್ತಿದ್ದರು. ನಮ್ಮದಕ್ಕೆ ಅದರ ಗೊಡವೆಯೇ ಇರಲಿಲ್ಲ. ಅದನ್ನು ಯಾರೂ ದಾಟಬಾರದು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಅದರ ಅಲಗಿನ ಉದ್ದಕ್ಕೆ ಒಂದು ಸಣ್ಣ ಕಾಲುವೆಯಂಥ ಗೀರು ಇತ್ತು, ಅದರಲ್ಲಿ ಮೀನಿನ ಹುರುಪೆ ಸಿಕ್ಕಿಕೊಳ್ಳುತ್ತಿತ್ತು. ತೆಂಗಿನ ಕಡ್ಡಿಯಿಂದ ಅದನ್ನು ಕೆರೆದು ತೆಗೆಯುವುದು ನನ್ನ ಪಾಲಿನ ಕೆಲಸ. ಮೆಟ್ಟುಗತ್ತಿಗೆ ಯಾಕೆ ಈ ಗೀರು ಎಂದು ನಾನು ಯಾವತ್ತೂ ಯೋಚಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ.

ಆಯುಧ ಪೂಜೆಯ ದಿನ ಮಾತ್ರ ಎರಡೂ ಜಾತಿಯವು ಒಂದೇ ಚಾಪೆಯ ಮೇಲೆ ಬರುತ್ತಿದ್ದವು. ಮೇಲಿನ ತಲವಾರನ್ನು ಹಿತ್ತಾಳೆ ಕಟ್ಟಿದ ಭಾರದ ಒರೆಯ ಸಮೇತ ಇಳಿಸಿ, ಹಳೆಯ ಕೆಂಪು ಬಟ್ಟೆ ತೆಗೆದು ಹೊಸದು ಸುತ್ತುತ್ತಿದ್ದರು. ಪಕ್ಕದಲ್ಲಿ ಅಪ್ಪನ ಉಳಿ, ಗರಗಸ, ಗದ್ದೆಯ ಕತ್ತಿ, ಅಡುಗೆಮನೆಯ ಮೆಟ್ಟುಗತ್ತಿ, ನನ್ನ ಕಂಪಾಸು ಪೆಟ್ಟಿಗೆ. ದೊಡ್ಡಪ್ಪ ಕಾರವಾರದಿಂದ ಬಂದ ವರ್ಷಗಳಲ್ಲಿ ಅವನ ಮೋಟಾರು ಸೈಕಲ್ಲಿನ ಕೀಲಿ, ಆಮೇಲೆ ಆಮೇಲೆ ಇಟ್ಟಿಗೆಯಂಥ ಅವನ ಮೊಬೈಲು. ಗೊಂಡೆ ಹೂವಿನ ಮಾಲೆಯನ್ನು ಅಜ್ಜಿ ಮೊದಲು ಮೆಟ್ಟುಗತ್ತಿಗೆ ಹಾಕಿ ಆಮೇಲೆ ತಲವಾರಿಗೆ ಹಾಕುವಳು. ವಯಸ್ಸಾಯಿತು, ಮರೆವು ಎಂದು ಅಪ್ಪ, ದೊಡ್ಡಪ್ಪ ಇಬ್ಬರೂ ನಗುತ್ತಿದ್ದರು. ತಲವಾರನ್ನು ಒರೆಯಿಂದ ಹೊರಗೆ ಎಳೆಯುವ ಕ್ರಮ ಮಾತ್ರ ನಮ್ಮಲ್ಲಿ ಇರಲಿಲ್ಲ. ಯಾಕೆಂದು ಕೇಳಿದರೆ ಅಜ್ಜಿಯ ಉತ್ತರ ಒಂದೇ:

“ಅದು ಒರೆ ಬಿಟ್ಟು ಹೊರಗೆ ಬಂದ್ರೆ ರಕ್ತ ಕಾಣ್ದೆ ಒಳಗೆ ಹೋಗೂದಿಲ್ಲ. ನಿಂಗೆ ಯಾರ ರಕ್ತ ಕೊಡೂಕದೆ ಹೇಳು?”

ಕೊಡುವುದಕ್ಕೆ ನನ್ನ ಬಳಿ ಯಾರ ರಕ್ತವೂ ಇರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಗ್ಯಾದರಿಂಗಿಗೆ ನಮ್ಮ ಕನ್ನಡ ಮಾಸ್ತರರು ಒಂದು ನಾಟಕ ಬರೆದರು. ಕೋಟೆ ಕಾಯುವ ಹೆಂಗಸರ ಕಥೆ. ಉದ್ದಕ್ಕಿದ್ದೇನೆಂದು ನನಗೆ ದಳವಾಯಿಯ ವೇಷ. ಮಾತು ಒಂದು ವಾರದಲ್ಲಿ ಬಾಯಿಗೆ ಬಂತು, ತೊಂದರೆಯಾದದ್ದು ತಲವಾರಿನಿಂದ. ಅಪ್ಪನ ಹಗುರ ತಲವಾರನ್ನು ನಾನು ಬೀಸಿದರೆ, “ಅದು ಯುದ್ಧವೋ, ಅಂಗಳ ಗುಡಿಸುವುದೋ?” ಎಂದು ಮಾಸ್ತರರು ಎಲ್ಲರ ಎದುರು ಕೇಳಿದರು. ಹುಡುಗಿಯರು ನಕ್ಕರು. ಅಂದಿನಿಂದ ನನಗೆ ‘ಹಿಡಿಸೂಡಿ ದಳವಾಯಿ’ ಎಂದೇ ಹೆಸರಾಯಿತು. ನಾನು ಮನೆಗೆ ಬಂದು ಅಪ್ಪನ ಮೇಲೆ ಹಾರಾಡಿದೆ. ಒಳಗೆ ಕಬ್ಬಿಣದ ಸರಳು ಹಾಕಿ ಭಾರ ಮಾಡಿಕೊಡು ಎಂದೆ. ಅವನು ತಲೆ ಎತ್ತಲೇ ಇಲ್ಲ.

“ಆಡೂ ತಲವಾರಿಗೆ ಭಾರ ಇರೂಕಾಗ. ಭಾರ ನಿನ್ನ ಕೈಲಿರ್ಬೇಕು,” ಎಂದ.

“ಕೈಲಿ ಹ್ಯಾಂಗೆ ಬತ್ತದೆ? ಭಾರದ್ದು ಹಿಡ್ದೇ ಗೊತ್ತಿಲ್ಲ ನಂಗೆ.”

“ಅದು ನೋಡು ಮತ್ತೆ,” ಎಂದು ನಕ್ಕು ಮರದ ಚಕ್ಕೆ ಊದಿದ.

ನಾನು ಆ ಮಾತನ್ನೇ ಹಿಡಿದುಕೊಂಡೆ. ಭಾರದ್ದು ಹಿಡಿದು ನೋಡದೆ ಭಾರದ್ದು ಹಿಡಿದಂತೆ ಆಡುವುದಾದರೂ ಹೇಗೆ? ದಸರಾಕ್ಕೆ ಇನ್ನೂ ಒಂದು ತಿಂಗಳಿತ್ತು. ಒಂದು ಶನಿವಾರ ಮಧ್ಯಾಹ್ನ, ಅಮ್ಮ ಅಂಕೋಲೆಯ ಪೇಟೆಗೆ ಹೋಗಿದ್ದಳು, ಅಜ್ಜಿ ಹಿತ್ತಲಲ್ಲಿ ಮೀನಿನವಳೊಂದಿಗೆ ಚೌಕಾಶಿಗೆ ನಿಂತಿದ್ದಳು. ಆ ಚೌಕಾಶಿ ಬೇಗ ಮುಗಿಯುವಂಥದ್ದಲ್ಲ ಎಂದು ಅನುಭವದಿಂದ ಗೊತ್ತಿತ್ತು. ಕುರ್ಚಿ ಹತ್ತಿ ತಲವಾರು ಇಳಿಸಿದೆ. ರಕ್ತದ ಏರ್ಪಾಡೂ ಆಗಿತ್ತು: ಕಂಪಾಸಿನ ಮುಳ್ಳು ಅಂಗಿಯ ಜೇಬಿನಲ್ಲಿತ್ತು, ಕಿರುಬೆರಳು ಸಿದ್ಧವಿತ್ತು. ಬಟ್ಟೆ ಬಿಚ್ಚಿ ಹಿತ್ತಾಳೆಯ ಹಿಡಿ ಹಿಡಿದು ಎಳೆದೆ. ಸಲೀಸಾಗಿ ಬಂತು. ಎಷ್ಟು ಸಲೀಸೆಂದರೆ, ಭಾರಕ್ಕೆಂದು ಬಿಗಿ ಮಾಡಿಕೊಂಡಿದ್ದ ನನ್ನ ಕೈ ತಲವಾರಿನ ಸಮೇತ ಮೇಲಕ್ಕೆ ಹಾರಿತು.

ಅದು ಮರದ್ದು. ಬೆಳ್ಳಿ ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು. ನನ್ನ ಹೆಬ್ಬೆರಳು ನಾನು ಹೇಳದೆಯೇ ಹೋಗಿ ಒಂದು ಗುಳಿಯಲ್ಲಿ ಕುಳಿತಿತ್ತು. ಅಪ್ಪನ ಗುಳಿ. ಅದೇ ಜಾಗ, ಅದೇ ಆಳ.

ನಾನು ಎಲ್ಲವನ್ನೂ ಇದ್ದ ಹಾಗೆಯೇ ಕಟ್ಟಿ ಮೇಲಿಟ್ಟೆ. ಹೊರಗೆ ಅಜ್ಜಿ ಇನ್ನೂ “ನಿನ್ನೆ ಇಷ್ಟಕ್ಕೆ ಹನ್ನೆರಡು ಕೊಟ್ಟಿದ್ಯಲ್ಲೇ” ಎನ್ನುತ್ತಿದ್ದಳು. ಆ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲ ತೀರ್ಮಾನವಾಗಿಹೋಗಿತ್ತು. ಅಸಲು ತಲವಾರನ್ನು ಅಪ್ಪ ಯಾರಿಗೋ ಕೊಟ್ಟಿದ್ದಾನೆ, ಅದರ ಜಾಗದಲ್ಲಿ ತನ್ನ ಕೈಯಾರೆ ಮಾಡಿದ್ದನ್ನು ಇಟ್ಟಿದ್ದಾನೆ. ಯಾರಿಗೆ, ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾನೆಂಬ ಹೆದರಿಕೆ. ಬದಲಿಗೆ ಅವನನ್ನು ಕಾಪಾಡಬೇಕೆಂದು ನಿರ್ಧರಿಸಿದೆ, ಯಾರಿಗೂ ಹೇಳಬಾರದು ಎಂದುಕೊಂಡೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಇದು ದೊಡ್ಡ ತ್ಯಾಗವಾಗಿ ಕಾಣುತ್ತದೆ. ಆ ಒಂದು ತಿಂಗಳು ನಾನು ಅಪ್ಪನ ಎದುರು ಕುಳಿತು ಅವನು ಕೆತ್ತುವುದನ್ನು ನೋಡಿದೆ, ಬೆನ್ನು ತಿರುಗಿಸಿ ನಿಂತೆ, ಇಲ್ಲ, ನೋವಾಗಲಿಲ್ಲ ಎಂದೆ. ಆದರೆ ಪೆಟ್ಟು ಬೀಳುವ ಮೊದಲು ಕಣ್ಣು ಮುಚ್ಚತೊಡಗಿದ್ದೆ. ಅವನು ಹಿಂದೆ ನಿಂತಿರುತ್ತಿದ್ದರಿಂದ ಅವನಿಗೆ ಅದು ಕಾಣುತ್ತಿರಲಿಲ್ಲ.

ಆ ವರ್ಷದ ದಸರಾಕ್ಕೆ ದೊಡ್ಡಪ್ಪ ಎರಡು ವಸ್ತು ತಂದ. ಒಂದು, ಕಾರವಾರದಲ್ಲಿ ಕಟ್ಟಿಸಿದ ಹೊಸ ಮನೆಯ ಫೋಟೋಗಳ ಆಲ್ಬಮ್. ಇನ್ನೊಂದು, ಕಾಲು ಕಟ್ಟಿದ ಕೆಂಪು ಹುಂಜ. ಆಲ್ಬಮಿನಲ್ಲಿ ಪಡಸಾಲೆಯ ಗೋಡೆಯೊಂದರ ಫೋಟೋ ಇತ್ತು; ಗಾಜಿನ ಬಾಗಿಲಿನ ಉದ್ದನೆಯ ಗೂಡು, ಒಳಗೆ ದೀಪ ಬಿಟ್ಟರೆ ಏನೂ ಇಲ್ಲ. ತಲವಾರು ಅಲ್ಲಿಗೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿರಿಯ ಮಗ ತಾನು, ತಲವಾರು ಹಿರಿಯನ ಮನೆಯಲ್ಲಿ ಇರಬೇಕಾದದ್ದು ಎನ್ನುವುದು ಅವನ ವಾದ. ಆಯಿ ಎಲ್ಲಿದ್ದಾಳೋ ಅಲ್ಲಿಯೇ ಅದೂ ಇರಬೇಕು ಎನ್ನುವುದು ಅಪ್ಪನದು. ಅಣ್ಣ ತಮ್ಮ ಇಬ್ಬರೂ ತಾಯಿಯನ್ನು ಆಯಿ ಎನ್ನುತ್ತಿದ್ದರು, ಆದರೆ ಆಯಿಯನ್ನು ಇಬ್ಬರೂ ಕೇಳಲಿಲ್ಲ. ವಡೆ ಕರಿಯುವುದರಿಂದ ಹಿಡಿದು ಮಾಲೆ ಕಟ್ಟುವವರೆಗೆ ಈ ಜಗಳ ನಡೆದೇ ಇತ್ತು. ಅಪ್ಪ ಸಾಮಾನ್ಯವಾಗಿ ದನಿ ಏರಿಸುವವನಲ್ಲ. ಅಂದು ಏರಿಸಿದ. ಕಳ್ಳನಿಗೆ ಇಷ್ಟು ಜೋರು ಯಾಕೆ ಎಂದು ನನಗೆ ಮೈ ಕುದಿಯಿತು, ಅದೇ ಹೊತ್ತಿಗೆ ಅವನು ಸಿಕ್ಕಿಬೀಳದಿರಲಿ ಎಂದೂ ದೇವರಲ್ಲಿ ಬೇಡಿಕೊಂಡೆ.

ಪೂಜೆಗೆ ಎಲ್ಲ ಜೋಡಿಸಿದ ಮೇಲೆ, ನೆಂಟರು ಹತ್ತು ಹನ್ನೆರಡು ಜನ ನಡುಮನೆಯಲ್ಲಿ ಕುಳಿತಿರುವಾಗ, ದೊಡ್ಡಪ್ಪ ತಲವಾರಿನ ಮುಂದೆ ಹೋಗಿ ನಿಂತ.

“ಇದು ಒಳಗೆ ಜಂಗು ಹಿಡ್ದಿರ್ತದೆ. ಎಣ್ಣೆ ಕಾಣ್ದೆ ಎಷ್ಟು ವರ್ಷ ಆಯ್ತೋ. ಇವತ್ತು ತೆಗ್ದು ನೋಡ್ವ.”

“ಅಣ್ಣಾ, ಬೇಡ. ಅದ್ರ ಕ್ರಮ ಹಾಂಗಿಲ್ಲ,” ಎಂದ ಅಪ್ಪ.

“ರಕ್ತ ತಾನೆ? ಹುಂಜ ತಂದಿದ್ದು ಎಂತಕ್ಕೆ ಮತ್ತೆ? ನಾ ಎಲ್ಲಾ ವಿಚಾರ ಮಾಡ್ಕಂಡೇ ಬಂದವ.”

ಅಪ್ಪ ಒರೆಯನ್ನು ಹಿಡಿದ. ದೊಡ್ಡಪ್ಪ ಹಿಡಿಯನ್ನು ಹಿಡಿದ. ಐವತ್ತರ ಆಸುಪಾಸಿನ ಇಬ್ಬರು ಗಂಡಸರು ಒಂದು ತಲವಾರನ್ನು ಎರಡು ಕಡೆಯಿಂದ ಎಳೆದರೆ ಆಗುವುದು ಒಂದೇ. ದೊಡ್ಡಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ತಾಗಿ ನಿಂತ. ಅವನ ಕೈಯಲ್ಲಿ ಮರದ ಅಲಗು, ಬಣ್ಣ ಎದ್ದದ್ದು, ಹಗಲ ಬೆಳಕಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇತ್ತು.

“ಹೆಂ ಕಿತೆಂ?” ಎಂದಳು ದೊಡ್ಡಮ್ಮ. ಅವಳ ಮನೆಮಾತು ಕೊಂಕಣಿ, ಇದೇನು ಎಂದು ಕೇಳಿದ್ದು.

ಆಗ ಅಪ್ಪ ಒಂದು ತಪ್ಪು ಮಾಡಿದ. ಅವನ ಜಾಗದಲ್ಲಿ ಬೇರೆ ಯಾರಿದ್ದರೂ ಗಾಬರಿಯಾಗುತ್ತಿದ್ದರು. ಅವನು ಮುಂದೆ ಹೋಗಿ ಅದನ್ನು ಅಣ್ಣನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದ. ಮರದ ಎಳೆ ನೋಡಿದ. ಅಂಚನ್ನು ಬೆರಳಿನಿಂದ ಸವರಿದ. ಅವನ ಹೆಬ್ಬೆರಳು ಸೀದಾ ಹೋಗಿ ಗುಳಿಯಲ್ಲಿ ಕುಳಿತಿತು. ಅವನ ಮುಖದ ಮೇಲೆ ನಗು ಬಂತು.

“ಸಾದಾ ಕೆಲ್ಸ ಅಲ್ಲ, ಒಳ್ಳೆ ಕೈಯಿಂದೇ ಆಗಿದ್ದು. ನಂದೇ ಕಾಣ್ತದಲ್ಲಾ ಇದು!”

“ನಿಂದೇ,” ಎಂದ ದೊಡ್ಡಪ್ಪ. “ಈ ಊರಲ್ಲಿ ಮರದ ತಲವಾರು ಮಾಡೂರು ಮತ್ತೆ ಯಾರಿದ್ರು? ಅಸಲು ಎಲ್ಲಿ ಅದೆ? ಯಾರಿಗೆ ಕೊಟ್ಟೆ?”

ಅಪ್ಪನಿಗೆ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ನಗು ಮುಖದ ಮೇಲೆಯೇ ಉಳಿದಿತ್ತು, ಇಳಿಸುವುದನ್ನು ಮರೆತಿದ್ದ.

“ನಾನಾ? ಅಣ್ಣಾ, ನಾ ಅದ್ರ ಬಟ್ಟೆ ಬದ್ಲಾಯ್ಸೂದು ಬಿಟ್ರೆ ಮುಟ್ಟಿದವ ಅಲ್ಲ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕಂಡ. ತೆಗೂಕೆ ಕೊಡ್ದೆ ಒರೆ ಹಿಡ್ಕಂಡಿದ್ದು ಯಾರು? ಕಾರವಾರಕ್ಕೆ ತಕಂಡು ಹೋಗ್ಬೇಡ ಹೇಳಿ ಬೆಳಗಿಂದ ಕೂಗ್ದವ ಯಾರು?”

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಒಬ್ಬೊಬ್ಬರನ್ನೇ ನೋಡಿದ. ಕೊನೆಗೆ ನನ್ನನ್ನು ಕಂಡದ್ದೇ ಅವನ ಮುಖ ಸಡಿಲವಾಯಿತು, ದಾರಿ ಸಿಕ್ಕಿದವನ ಹಾಗೆ.

“ಇವ್ಳ ಕೇಳು. ದಿನಾ ನನ್ನ ಸಂಗಡ ಕೂತ್ಕಳವ್ಳು ಇವ್ಳು. ನಾ ಎಂತಾ ಮಾಡ್ತೆ, ಎಂತಾ ಮಾಡೂದಿಲ್ಲ, ಎಲ್ಲಾ ಗೊತ್ತದೆ ಇವ್ಳಿಗೆ. ಹೇಳೇ ತಂಗಿ.”

ನಾನು ತಲೆ ತಗ್ಗಿಸಿದೆ.

ನೆಲದ ಮೇಲೆ ಒಂದು ಗೊಂಡೆ ಹೂವಿನ ಎಸಳು ಬಿದ್ದಿತ್ತು, ಅದನ್ನೇ ನೋಡಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ನಾಲ್ಕು ಉಸಿರು ಇರಬಹುದು. ಮೇಲೆ ನೋಡಿದಾಗ ಅಪ್ಪನ ಮುಖದಲ್ಲಿ ನಗು ಇರಲಿಲ್ಲ. ಅವನು ಅಣ್ಣನ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆಯೇ ನೋಡುತ್ತಿದ್ದ.

ಅಷ್ಟರಲ್ಲಿ ಅಜ್ಜಿ ಎದ್ದಳು. ಮೊಣಕಾಲು ಹಿಡಿದುಕೊಂಡು, ಯಾವ ಅವಸರವೂ ಇಲ್ಲದೆ. ಪೂಜೆಯ ಚಾಪೆಯ ಮೇಲಿಂದ ಮೆಟ್ಟುಗತ್ತಿಯನ್ನು ಹೂವಿನ ಸಮೇತ ಎತ್ತಿ ತಂದು ಮಕ್ಕಳಿಬ್ಬರ ನಡುವೆ ಇಟ್ಟಳು.

“ತಲವಾರು ಇಲ್ಲೇ ಅದೆ. ಸಾಕು ಮಾಡಿ.”

ಯಾರಿಗೂ ಅರ್ಥವಾಗಲಿಲ್ಲ. ಅವಳು ಬಗ್ಗಿ ಅಲಗಿನ ಗೀರಿನ ಮೇಲೆ ಬೆರಳಾಡಿಸಿದಳು, ದಿನವೂ ನಾನು ಹುರುಪೆ ಕೆರೆಯುತ್ತಿದ್ದ ಗೀರು. “ಈ ಗೀರು ತಲವಾರಿಗೆ ಇರೂದು. ಯಾವ ಮೆಟ್ಟುಗತ್ತಿಗೆ ಇದು ಇರ್ತದೆ ಹೇಳಿ ನೋಡ್ವ,” ಎಂದಳು. ಆಮೇಲೆ ನಡುಮನೆಯ ಬಾಗಿಲ ಚೌಕಟ್ಟನ್ನು ತೋರಿಸಿದಳು. ಅದರಲ್ಲಿ, ಗಂಡಸಿನ ಎದೆಮಟ್ಟದಲ್ಲಿ, ಒಂದು ಆಳವಾದ ಕಚ್ಚು ಇತ್ತು. ಎತ್ತಿನ ಕೋಡು ತಾಗಿದ್ದು ಎಂದು ನಮಗೆಲ್ಲ ಹೇಳಿದ್ದರು. ನಾವು ಮಕ್ಕಳು ವರ್ಷವರ್ಷವೂ ಅದರ ಪಕ್ಕದಲ್ಲಿ ನಿಂತು ಎತ್ತರ ಅಳೆದುಕೊಂಡಿದ್ದೆವು.

“ಎತ್ತಿನ ಕೋಡಲ್ಲ ಅದು. ನಿಮ್ಮಪ್ಪಂದು. ನಾ ಈ ಮನೆಗೆ ಬಂದು ವರ್ಷ ಆಗಿತ್ತು. ಗದ್ದೆ ಬದುವಿನ ಸಂಬಂಧ ತಮ್ಮನ ಮೇಲೆ ತಲವಾರು ಎತ್ತಿದ. ಬಾಗಿಲಿಗೆ ತಾಗ್ತು, ಅಂವ ಬದುಕ್ದ. ಮರುದಿನ ನಿಮ್ಮಪ್ಪ ಗದ್ದೆಗೆ ಹೋದಾಗ ನಾ ಅದನ್ನ ಹುಲ್ಲಿನ ಹೊರೆಲಿಟ್ಟು ಆಚಾರಿ ಕುಲುಮೆಗೆ ತಕಂಡು ಹೋದೆ. ಹಿಡಿ ಬಿಟ್ಟು ಅಲಗು ಕೊಟ್ಟೆ. ಇದು ಮಾಡ್ಕೊಟ್ಟ. ಉಳ್ದ ತುಂಡು ನಿಮ್ಮಪ್ಪ ಸಾಯೂವರೆಗೆ ತೆಂಗಿನಕಾಯಿ ಸುಲ್ದ ಕತ್ತಿ.”

“ಮತ್ತೆ ಈ ಮರದ್ದು?” ಎಂದ ಅಪ್ಪ. ಅವನ ಕೈಯಲ್ಲಿ ಅದು ಇನ್ನೂ ಇತ್ತು.

“ಅರ್ಗಾದ ನನ್ನ ಅಣ್ಣ ಮಾಡಿದ್ದು. ನೀ ಯಾರ ಹತ್ರ ಉಳಿ ಹಿಡೂಕೆ ಕಲ್ತೆ? ಅಂವನ ಹತ್ರವೇ ಅಲ್ದ?”

ಅಜ್ಜಿಯ ಆ ಅಣ್ಣ ದೋಣಿ ಕಟ್ಟುವ ಕೆಲಸದವನು. ಅಪ್ಪ ಸಣ್ಣವನಿದ್ದಾಗ ರಜೆಗೆ ಅಲ್ಲಿಗೆ ಹೋಗುತ್ತಿದ್ದ. ಈಗ ಆ ಮನೆಯ ಜಾಗ ನೌಕಾನೆಲೆಯ ಗೋಡೆಯ ಒಳಗಿದೆ, ಯಾರೂ ಹೋಗುವ ಹಾಗಿಲ್ಲ. ಗುಳಿ ಅಪ್ಪನದಾಗಿರಲಿಲ್ಲ. ಅವನ ಸೋದರಮಾವನದು. ಮಾವನಿಂದ ಅದು ಅಳಿಯನ ಕೈಗೆ ಬಂದಿತ್ತು, ಅಷ್ಟೇ.

“ರಕ್ತ ಕಾಣ್ದೆ ಒಳಗೆ ಹೋಗೂದಿಲ್ಲ ಹೇಳಿದ್ದು?” ಎಂದು ದೊಡ್ಡಪ್ಪ ಸಣ್ಣ ದನಿಯಲ್ಲಿ ಕೇಳಿದ.

“ಅದು ನಾನೇ ಹುಟ್ಸಿದ್ದು. ಇಲ್ದಿದ್ರೆ ನೀವು ತೆಗೂದು ಬಿಡ್ತಿದ್ರಾ? ರಕ್ತದ ಚಿಂತೆ ನಿಂಗೆ ಬೇಡ. ದಿನಾ ಬಂಗಡೆದು ಕಾಣ್ತದೆ ಅದು.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮ್ಮಪ್ಪಂಗೂ ಗೊತ್ತಿತ್ತು. ಅಂವ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ಈಗ ನಿಂಗೆ ತಲವಾರು ಬೇಕಾದ್ರೆ ತಕಂಡು ಹೋಗು. ಗಾಜಿನ ಗೂಡಲ್ಲಿ ಇಡೂಕಾಗ. ಮೆಟ್ಟಿ ಕೂತು ಮೀನು ಕೊಯ್ಬೇಕು.”

ನೆಂಟರಲ್ಲಿ ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ದೊಡ್ಡಪ್ಪನೂ ನಗಬೇಕಾಯಿತು. ಕೆಟ್ಟವನಲ್ಲ ಅವನು, ತಮ್ಮನ ಭುಜ ಹಿಡಿದು, “ಬಾಯಿ ತಪ್ಪಿ ಬಂತು ಮಾರಾಯ,” ಎಂದ. ಅಪ್ಪ, “ಇರ್ಲಿ, ಇರ್ಲಿ,” ಎಂದ. ಹುಂಜದ ಹಣೆಬರಹ ಮಾತ್ರ ಬದಲಾಗಲಿಲ್ಲ. ಅರಸರ ಕಾಲದಿಂದ ಬಂದ ಅಲಗು ಅಂದು ಮೊದಲು ಅದರ ಮಾಂಸವನ್ನು, ಆಮೇಲೆ ಒಂದು ರಾಶಿ ಈರುಳ್ಳಿಯನ್ನು ಕೊಚ್ಚಿತು. ವಡೆ, ಕೋಳಿ ಸಾರು. ಎಲ್ಲರೂ ಹೊಟ್ಟೆ ತುಂಬ ಉಂಡರು. ಅಪ್ಪನೂ ಎರಡು ಸಲ ಬಡಿಸಿಕೊಂಡ. ಜಗಳ ಹೋದದ್ದಕ್ಕೆ ಅಮ್ಮ ಸಂತೋಷಪಟ್ಟಳು. ನಾನು ಅರ್ಧಕ್ಕೇ ಎಲೆ ಮಡಚಿ ಎದ್ದೆ.

ದೊಡ್ಡಪ್ಪನ ಮೋಟಾರು ಸೈಕಲ್ಲು ರಸ್ತೆಯ ತಿರುವು ದಾಟಿದ ಮೇಲೆ ಅಪ್ಪ ಜಗಲಿಯ ತನ್ನ ಮೂಲೆಯಲ್ಲಿ ಬಂದು ಕುಳಿತ. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಪೂಜೆಯ ದಿನ ಮೆಟ್ಟುಗತ್ತಿಗೆ ಬಿಡುವಿಲ್ಲದಿದ್ದರೂ ಉಳಿ ಮುಟ್ಟುವ ಹಾಗಿಲ್ಲ, ಸುಮ್ಮನೆ ಕುಳಿತಿದ್ದ. ನಾನು ಕಂಬದ ಹತ್ತಿರ ನಿಂತೆ.

“ನೀ ಮೊದ್ಲೇ ತೆಗ್ದು ನೋಡಿದ್ದೆ,” ಎಂದ. ಅದು ಪ್ರಶ್ನೆಯಾಗಿರಲಿಲ್ಲ.

“ಹೌದು.”

“ಅದು ನಂದೇ ಕೆಲ್ಸ ಹೇಳಿ ಹ್ಯಾಂಗೆ ಅನ್ಸ್ತು ನಿಂಗೆ?”

“ಗುಳಿ ಇತ್ತು,” ಎಂದೆ.

ಅಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅದರ ತುದಿ ವರ್ಷಗಳ ಕೆಲಸದಿಂದ ದಡ್ಡುಗಟ್ಟಿತ್ತು. ಅಂಗಳದಲ್ಲಿ ಅಜ್ಜಿ ಕೋಳಿಯ ರೆಕ್ಕೆ ಪುಕ್ಕ ಗುಡಿಸಿ ಒಟ್ಟು ಮಾಡುತ್ತಿದ್ದಳು. ಅವಳು ಗುಡಿಸಿ ಒಳಗೆ ಹೋದ ಮೇಲೆ ಅವನು ಹೇಳಿದ:

“ಅಣ್ಣ ಹೇಳಿದ್ದು ನಂಗೆ ಎಂತಾ ಅನ್ಸ್ಲಿಲ್ಲ. ಅಂವ ಹಾಂಗೇ. ನೀ ಒಂದು ಮಾತು ನನ್ನ ಕೇಳ್ಬೇಕಿತ್ತು ತಂಗಿ.”

ಸಮುದ್ರದಂಡೆಯ ಆ ಹುಡುಗರ ಹಾಗೆ ನಾನು ಇದ್ದಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು, ಅತ್ತೆ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಳಗಿನಿಂದ ನೀರು ತಂದುಕೊಟ್ಟ. ಈಗ ನನ್ನ ಮಕ್ಕಳು ನನ್ನನ್ನು ಸಂಶಯದ ಹೆಂಗಸು ಅಲ್ಲ ಎನ್ನುತ್ತಾರೆ, ಏನೇ ಆದರೂ ಮುಖಕ್ಕೆ ಕೇಳಿಬಿಡುತ್ತಿ ಎಂದು ಬೇಸರಿಸುತ್ತಾರೆ. ಅದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಕೇಳದೆ ಉಳಿದ ಒಂದು ತಿಂಗಳಿನಿಂದ ಕಲಿತದ್ದು.

ಗ್ಯಾದರಿಂಗಿನ ಹಿಂದಿನ ವಾರ ಅಪ್ಪ ನನ್ನ ತಲವಾರು ಮುಗಿಸಿದ. ಹಿಡಿಗೆ ಕೆಂಪು ರೇಷ್ಮೆ ದಾರ ಸುತ್ತಿದ್ದ, ಅಷ್ಟು ಚಂದದ್ದನ್ನು ಅವನು ಯಾರಿಗೂ ಮಾಡಿಕೊಟ್ಟಿರಲಿಲ್ಲ. ಬಣ್ಣ ಒಣಗಿದ ಮೇಲೆ ನನ್ನನ್ನು ಕರೆದ. ತನ್ನ ಮುಂಗೈಗೆ ಹೊಡೆದುಕೊಂಡ. ನಾನು ಬೆನ್ನು ತಿರುಗಿಸಿ ನಿಂತೆ, ಕಣ್ಣು ತೆರೆದುಕೊಂಡೇ. ಒಂದು ಪೆಟ್ಟು ಬಿತ್ತು.

“ನೋವಾಯ್ತಾ?”

“ಇಲ್ಲ.”

ಅವನು ತಲವಾರನ್ನು ನನ್ನ ಕೈಗೆ ಕೊಟ್ಟ. ಹಿಡಿದೆ. ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು. ಅಲ್ಲಿ ಬರೀ ನುಣ್ಣಗಿನ ಮರ ಇತ್ತು. ತಿರುಗಿಸಿ ಇನ್ನೊಂದು ಬದಿ ನೋಡಿದೆ, ಅಲ್ಲಿಯೂ ಇರಲಿಲ್ಲ. ಅಪ್ಪ ಆಗಲೇ ಮುಂದಿನ ಹಲಗೆಗೆ ಗೆರೆ ಹಾಕುತ್ತಿದ್ದ. ವೇದಿಕೆಯ ಮೇಲೆ ತಲವಾರು ನನ್ನ ಕೈಯಲ್ಲಿ ಎರಡು ಸಲ ತಿರುಗಿತು. ತಿರುಗದಂತೆ ನಾನು ಮುಷ್ಟಿ ಎಷ್ಟು ಬಿಗಿದೆನೆಂದರೆ, ಈಗ ಭಾರ ಬಂತು ನೋಡಿ ಎಂದು ಮಾಸ್ತರರು ಹೊಗಳಿದರು. ಆಮೇಲೆ ಅಪ್ಪ ಹದಿನೈದು ವರ್ಷ ಆಯುಧ ಮಾಡಿದ. ನನಗೆ ಅವನನ್ನು ಕಳ್ಳನೆಂದು ತೋರಿಸಿಕೊಟ್ಟ ಆ ಗುಳಿ ಯಾವುದರಲ್ಲಿಯೂ ಇರಲಿಲ್ಲ.